ಐದನೆಯವರ ಆಸನ

ಹೊಸ ಕಾರು ಕೊಂಡವರು ಒಂದೆರಡು ತಿಂಗಳು ಓಡಿಸಿ ತಮ್ಮ ಮೊದಲ ಅನಿಸಿಕೆಗಳನ್ನು ಲೋಕಕ್ಕೆ ತಿಳಿಸುವ ಪದ್ಧತಿ ಈಗ ಎಷ್ಟು ಬೇರೂರಿದೆಯೆಂದರೆ, ಅದನ್ನು ಒಂದು ಸಾಹಿತ್ಯಪ್ರಕಾರವೆಂದು ಎಣಿಸಿದರೆ ತಪ್ಪಾಗಲಾರದು. ಪತ್ರಿಕೆಗಳ ವಾಹನಪುಟಗಳಲ್ಲಿ ಅದು ಬರುತ್ತದೆ. ಮೊಬೈಲಿನ ವಿಡಿಯೋಗಳಲ್ಲಂತೂ ಅದಕ್ಕೆ ಕೊನೆಯೇ ಇಲ್ಲ. ಹಳೆಯ ಚಂಪೂಕವಿಗೆ ಅಷ್ಟಾದಶ ವರ್ಣನೆಗಳು ಹೇಗೋ ಹಾಗೆ ಈ ಬರಹಗಾರರಿಗೆ ಮೈಲೇಜು, ನೆಲದಿಂದ ಹೊಟ್ಟೆಯವರೆಗಿನ ಎತ್ತರ, ಡಿಕ್ಕಿಯ ಲೀಟರುಗಳು, ಪರದೆಯ ಅಂಗುಲಗಳು, ಬಾಗಿಲು ಮುಚ್ಚುವಾಗಿನ ಸದ್ದು. ಒಂದನ್ನೂ ಬಿಡುವಂತಿಲ್ಲ, ಹೊಸದೊಂದನ್ನು ಸೇರಿಸುವಂತೆಯೂ ಇಲ್ಲ. ಕೊನೆಗೆ ಫಲಶ್ರುತಿ: ಇದು ಕುಟುಂಬಕ್ಕೆ ಹೇಳಿಮಾಡಿಸಿದ ಕಾರು.

ನನ್ನ ತಕರಾರು ಇರುವುದು ಈ ಫಲಶ್ರುತಿಯ ಬಗ್ಗೆ. ಕುಟುಂಬ ಎಂಬ ಮಾತನ್ನು ಹತ್ತು ಸಲ ಆಡುವ ಈ ವಿಮರ್ಶಕರು ಕುಟುಂಬವೆಂದರೆ ಯಾರು ಯಾರು, ಅವರು ಎಲ್ಲೆಲ್ಲಿ ಕೂತರು, ಕೂತವರಿಗೆ ಏನು ಕಂಡಿತು ಎಂದು ಹೇಳಿದ್ದನ್ನು ನಾನಂತೂ ಕಾಣೆ. ಎಲ್ಲ ವಿಮರ್ಶೆಯೂ ಚಾಲಕನ ಆಸನದಿಂದಲೇ ಬರೆದದ್ದು. ನಾಟಕಕ್ಕೆ ಹೋಗಿ ಸೂತ್ರಧಾರನನ್ನು ಮಾತ್ರ ನೋಡಿ ಬಂದ ಹಾಗೆ.

ನಾನು ಸೊರಬ ತಾಲ್ಲೂಕಿನವನು. ಗುಡವಿಯ ಕೆರೆಯ ಹಕ್ಕಿಗಳು ನಮ್ಮ ಗದ್ದೆಯ ಮೇಲೇ ಹಾದುಹೋಗುವಷ್ಟು ಹತ್ತಿರ ನಮ್ಮ ಮನೆ. ಈ ಮಳೆಗಾಲದ ಮೊದಲಲ್ಲಿ ನಮ್ಮಲ್ಲಿಗೆ ಒಂದು ಕಾರು ಬಂತು. ನಮ್ಮ ಮನೆತನದಲ್ಲಿ ಅದೇ ಮೊದಲನೆಯದು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಲೇಖನ ಜಾಹೀರಾತಾಗುತ್ತದೆ, ಇಲ್ಲವೆ ದೂರುಪತ್ರವಾಗುತ್ತದೆ. ನಾನು ಹೇಳಬೇಕೆಂದಿರುವುದಾದರೋ ಆ ವರ್ಗದ ಹೆಚ್ಚಿನ ಕಾರುಗಳಿಗೆ ಸಲ್ಲುವ ಮಾತು. ನನ್ನ ತಾಯಿ, ಹೆಂಡತಿ, ಹದಿನಾಲ್ಕರ ಮಗಳು, ಒಂಬತ್ತರ ಮಗ, ನಾನು, ಹೀಗೆ ನಾವು ಐದು ಜನ. ಕಾರಿನ ನೋಂದಣಿ ಪುಸ್ತಕದಲ್ಲೂ ಐದು ಆಸನವೆಂದೇ ಬರೆದಿದೆ. ಲೆಕ್ಕ ಸರಿಯಾಗಿದೆ ಎಂದು ಯಾರಾದರೂ ಹೇಳಬೇಕು.

ಈ ಲೆಕ್ಕದ ಒಳಗನ್ನು ತಿಳಿಯಬೇಕಾದರೆ ಸ್ವಲ್ಪ ಛಂದಸ್ಸಿನ ವಿಚಾರಕ್ಕೆ ಹೋಗಬೇಕಾಗುತ್ತದೆ. ಕಂದಪದ್ಯಕ್ಕೆ ನಾಲ್ಕು ಸಾಲು, ಒಟ್ಟು 64 ಮಾತ್ರೆ. ಕವಿಗೆ ಹೇಳಲು ಎಷ್ಟೇ ಇರಲಿ, ಅಷ್ಟರೊಳಗೆ ಹೇಳಿ ಮುಗಿಸಬೇಕು. ನಮ್ಮ ಕಾರುಗಳಿಗೂ ಅಂಥದೊಂದು ಕಟ್ಟುಪಾಡು ಇದೆ. 2006ರ ಕೇಂದ್ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಿನದಾದರೆ 1,200 ಸಿ.ಸಿ., ಡೀಸೆಲಿನದಾದರೆ 1,500 ಸಿ.ಸಿ. ಮೀರದ ಎಂಜಿನ್ನಿನ ಕಾರುಗಳನ್ನು ಸಣ್ಣ ಕಾರುಗಳೆಂದು ಕರೆದು ಅವುಗಳ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಸುಂಕದ ಹೆಸರು ಆಮೇಲೆ ಬದಲಾಯಿತು, ಗೆರೆ ಮಾತ್ರ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚಿನ ಪೆಟ್ರೋಲ್ ಡೀಸೆಲ್ ಕಾರುಗಳಿಗೆ ಜಿ.ಎಸ್.ಟಿ. ಶೇ. 18, ಆಚಿನವುಗಳಿಗೆ ಶೇ. 40. ಹೀಗಿರುವಾಗ ಯಾವ ಶಿಲ್ಪಿ ತಾನೆ ಗೆರೆ ದಾಟಿಯಾನು? ಇವತ್ತು ಅಂಗಡಿಗೆ ಹೋಗಿ ಉದ್ದ ಕೇಳಿದರೆ ಬೇರೆ ಬೇರೆ ಕಂಪನಿಗಳ ಕಾರುಗಳೂ 3,995 ಮಿಲಿಮೀಟರು, 3,990 ಮಿಲಿಮೀಟರು ಎಂದು ಒಂದೇ ರಾಗದಲ್ಲಿ ಉತ್ತರ ಕೊಡುತ್ತವೆ. ನೋಡುವುದಕ್ಕೆ ಕಾಡಿನ ದಾರಿಗೆ ಹೊರಟ ಜೀಪಿನ ಹಾಗೆ ಎದೆಯುಬ್ಬಿಸಿರುತ್ತವೆ, ಅಳೆದರೆ ಕಂದಪದ್ಯ.

ಕಟ್ಟುಪಾಡು ಕೆಟ್ಟದ್ದೆಂದು ನನ್ನ ವಾದವಲ್ಲ. ಆ ಗೆರೆ ಇಲ್ಲದಿದ್ದರೆ ನಮ್ಮಂಥ ಅಡಿಕೆ ಗದ್ದೆಯ ಸಂಸಾರಕ್ಕೆ ಕಾರು ಎಟುಕುತ್ತಿತ್ತೋ ಇಲ್ಲವೋ. ಆದರೆ ಮಾತ್ರೆ ಸಾಲದೆ ಬಂದಾಗ ದುರ್ಬಲ ಕವಿ ಏನು ಮಾಡುತ್ತಾನೆಂಬುದು ನಮಗೆ ಗೊತ್ತಿದೆ. ಸಾಲಿನ ಎರಡು ತುದಿಗಳನ್ನು ಚೆನ್ನಾಗಿ ಕಾಣಿಸಿ, ನಡುವಿನ ಪದವನ್ನು ಹಿಂಡಿ ಕೂರಿಸುತ್ತಾನೆ. ಕಾರಿನಲ್ಲಿ ಹಾಗೆ ಹಿಂಡಿಸಿಕೊಳ್ಳುವ ಪದವೆಂದರೆ ಹಿಂದಿನ ಸಾಲಿನ ನಡುವೆ ಕೂರುವವರು.

ನಾನು ಈ ಕಾರಿನ ಐದೂ ಆಸನಗಳಲ್ಲಿ ಕೂತು ನೋಡಿದ್ದೇನೆ. ಒಂದು ಭಾನುವಾರ ನೆಂಟರ ಹುಡುಗನಿಗೆ ಸ್ಟಿಯರಿಂಗ್ ಕೊಟ್ಟು, ಗುಡವಿಯಿಂದ ಸೊರಬಕ್ಕೆ ಸುಮಾರು 16 ಕಿಲೋಮೀಟರು ಹೋಗಿ, ಮತ್ತೆ ಬಂದು, ದಾರಿಯುದ್ದಕ್ಕೂ ಜಾಗ ಬದಲಿಸುತ್ತ ಕೂತೆ. ಹುಡುಗ ನನಗೆ ತಲೆ ಕೆಟ್ಟಿತೆಂದುಕೊಂಡಿರಬೇಕು. ಚಾಲಕನ ಆಸನ ಎತ್ತರಕ್ಕೂ ತಗ್ಗಿಗೂ ಹೊಂದುತ್ತದೆ. ಹಿಂದಕ್ಕೂ ಮುಂದಕ್ಕೂ ಜರುಗುತ್ತದೆ. ಕೈಯಿಡಲು ದಿಂಬಿದೆ, ನೀರಿನ ಶೀಶೆಗೆ ಗೂಡಿದೆ, ಕಾಲಿಗೆ ತಂಪು ಗಾಳಿ ಬೇರೆ. ಅದರ ಪಕ್ಕದ್ದು ಜರುಗುತ್ತದೆ, ಎತ್ತರಿಸಲು ಬರುವುದಿಲ್ಲ. ಹಿಂದಿನ ಎರಡು ಕಿಟಕಿಯ ಜಾಗಗಳು ಜರುಗುವುದಿಲ್ಲ, ಆದರೆ ಬೆನ್ನಿಗೆ ಒರಗು ಸರಿಯಾಗಿದೆ. ನಡುವಿನದು ಮಾತ್ರ ಬೇರೆಯೇ ಜಾತಿ. ಅಲ್ಲಿ ಮೆತ್ತೆ ಉಬ್ಬಿ ಗಟ್ಟಿಯಾಗಿದೆ; ಬೆನ್ನಿನ ಕಡೆಗೆ ಮಡಚಿಟ್ಟ ಕೈದಿಂಬು ಹಲಗೆಯ ಹಾಗೆ ಒತ್ತುತ್ತದೆ; ಕಾಲಿನಡಿ ನೆಲ ದಿಣ್ಣೆಯಾಗಿ, ಒಂದು ಪಾದ ಈಚೆಗೆ ಒಂದು ಆಚೆಗೆ ಇಡಬೇಕು; ತಲೆಗೆ ಆನಿಕೆಯಿಲ್ಲ. ಮುಂದೆ ನೋಡಿದರೆ ಎರಡು ಆಸನಗಳ ಸಂದಿಯಲ್ಲಿ ಒಂದು ಗೇಣು ರಸ್ತೆ. ಕೈದಿಂಬನ್ನು ಮುಂದಕ್ಕೆ ಮಡಚಿದರೆ ಎರಡು ಲೋಟ ಇಡಲು ಗುಳಿಗಳು ಕಾಣುತ್ತವೆ. ಅಂದರೆ ಈ ಕೃತಿಯನ್ನು ರಚಿಸಿದವನ ಮನಸ್ಸಿನಲ್ಲಿ ಆ ಜಾಗದಲ್ಲಿ ಇದ್ದದ್ದು ಒಬ್ಬ ಮನುಷ್ಯನಲ್ಲ, ಎರಡು ಲೋಟ ಕಾಫಿ.

ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕಾವ್ಯದ ಜೀವವೆಂದ. ಯಾವುದು ಯಾವುದಕ್ಕೆ ತಕ್ಕುದೋ ಅದು ಅಲ್ಲಿರಬೇಕು ಎಂಬುದು ಅವನ ಮಾತಿನ ಸಾರ. ಐದು ಜನರ ಕಾರೆಂದು ಮಾರಿ ನಾಲ್ಕು ಜನರಿಗೆ ಆಸನ ಮಾಡುವುದು ಆ ದೃಷ್ಟಿಯಿಂದ ಔಚಿತ್ಯಭಂಗವೇ ಸರಿ.

ಅದಿರಲಿ. ಆ ಜಾಗದಲ್ಲಿ ಯಾರು ಕೂರುತ್ತಾರೆ? ಶಿಲ್ಪಿ ಜಾಗವನ್ನು ಮಾತ್ರ ಮಾಡಿದ. ಪಾತ್ರವನ್ನು ಆರಿಸುವುದು ನಮ್ಮ ಮನೆ. ತಾಯಿಗೆ 78 ವರ್ಷ, ಮೊಳಕಾಲು ಮಡಚದು, ಆದ್ದರಿಂದ ಅವರಿಗೆ ಮುಂದಿನ ಆಸನ. ಮಗನಿಗೆ ತಿರುವುಗಳಲ್ಲಿ ವಾಂತಿ, ಕಿಟಕಿ ಬೇಕು. ಮಗಳಿಗೆ ಅವನಿಗೆ ಸಿಕ್ಕಿದ್ದು ತನಗೂ ಬೇಕು. ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ನ್ಯಾಯವಾದ ಕಾರಣವಿದ್ದು, ಕಾರಣ ಹೇಳದೆ ಇದ್ದವರು ನಡುವಿಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಅವರು ನನ್ನ ಹೆಂಡತಿ. ನಿಮ್ಮ ಮನೆಯಲ್ಲಿ ಯಾರೆಂದು ನೀವೇ ನೋಡಿಕೊಳ್ಳಬಹುದು. ನಾನು ಈಚೆಗೆ ಸೊರಬ ಪೇಟೆಯಲ್ಲಿ, ಬನವಾಸಿಯ ಮಧುಕೇಶ್ವರ ದೇವಸ್ಥಾನದ ಎದುರಿಗೆ, ಚಂದ್ರಗುತ್ತಿಯ ಬೆಟ್ಟದ ಬುಡದಲ್ಲಿ ನಿಂತ ಕಾರುಗಳಿಂದ ಇಳಿಯುವವರನ್ನು ಗಮನಿಸುತ್ತಿದ್ದೇನೆ. ಕೊನೆಗೆ ಇಳಿಯುವವರು, ಸೆರಗು ಸರಿಮಾಡಿಕೊಳ್ಳುತ್ತ, ಕೈಯಲ್ಲಿ ಎಲ್ಲರ ಚೀಲ ಹಿಡಿದು ಇಳಿಯುವವರು, ಬಹಳ ಮಟ್ಟಿಗೆ ಒಂದೇ ಬಗೆಯವರು. ಅಡಿಗೆಮನೆಯಲ್ಲಿ ಕಡೆಯಲ್ಲಿ ಉಣ್ಣುವವರು ಯಾರೋ ಕಾರಿನಲ್ಲಿ ನಡುವೆ ಕೂರುವವರೂ ಅವರೇ.

ಹಿಂದಿನ ಗಾಡಿಗಳು ಈ ವಿಷಯದಲ್ಲಿ ಉದಾರವಾಗಿದ್ದವೆಂದು ಕೆಲವರು ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ನಾಲ್ಕೂಕಾಲು ಮೀಟರಿಗೆ ಮಿಕ್ಕಿದ್ದು. ಹಳೆಯ ಮಾದರಿಗಳಲ್ಲಿ ಮುಂದೆಯೂ ಬೆಂಚು, ಗೇರು ಸ್ಟಿಯರಿಂಗಿನ ಕಂಬಕ್ಕೆ. ಯಾರ ಜಾಗ ಎಲ್ಲಿಗೆ ಮುಗಿಯುತ್ತದೆಂದು ಗೆರೆ ಎಳೆದಿರಲಿಲ್ಲ. ಮಲೆನಾಡಿನ ನಿಜವಾದ ಸಂಸಾರದ ವಾಹನವೆಂದರೆ 1984ರಲ್ಲಿ ಬಂದು 2019ರಲ್ಲಿ ನಿಂತುಹೋದ ಮಾರುತಿ ವ್ಯಾನು. ಅಡಿಕೆ ಮೂಟೆ, ಮದುಮಗಳು, ಬಾಣಂತಿ, ಚಂಡೆ ಮದ್ದಲೆ ಎಲ್ಲವೂ ಅದರಲ್ಲಿ ಸಾಗಿವೆ. ಎಷ್ಟೋ ವ್ಯಾನುಗಳಲ್ಲಿ ಜನ ಎದುರುಬದುರು ಕೂರುತ್ತಿದ್ದರು. ಜಗಲಿಯೇ ಚಕ್ರದ ಮೇಲೆ ಹೊರಟ ಹಾಗೆ ಮಾತು ನಡೆಯುತ್ತಿತ್ತು. ಆದರೆ ಅದರ ಮುಂಭಾಗದಲ್ಲಿ ಕೂತವನ ಮೊಳಕಾಲಿಗೂ ಎದುರಿನ ಲಾರಿಗೂ ನಡುವೆ ಇದ್ದದ್ದು ಒಂದು ತಗಡು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಕಾರುಗಳ ಅಗ್ಗದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂತು. ಈಗ 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಐದು ನಕ್ಷತ್ರದ ಕಾರುಗಳು ಅಪರೂಪವಲ್ಲ. ಹಳೆಯದರ ಔದಾರ್ಯವನ್ನು ಹೊಗಳುವಾಗ ಈ ಮಾತನ್ನು ಮರೆಯುವುದು ವಿಮರ್ಶೆಯಲ್ಲ, ಹಳಹಳಿಕೆ.

ರಕ್ಷಣೆಯ ಮಾತು ಬಂದದ್ದರಿಂದ ಗಂಟೆಯ ವಿಚಾರವನ್ನೂ ಹೇಳಿಬಿಡುತ್ತೇನೆ. 2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ ಮುಂದಿನ ಇಬ್ಬರೂ ಪಟ್ಟಿ ಕಟ್ಟದಿದ್ದರೆ ಗಂಟೆ ಬಡಿಯಬೇಕು, ವೇಗ 80 ದಾಟಿದರೂ ಬಡಿಯಬೇಕು ಎಂಬ ನಿಯಮವಿದೆ. ನಮ್ಮ ರಸ್ತೆಗಳಲ್ಲಿ 80ರ ಗಂಟೆ ಕೇಳುವ ಭಾಗ್ಯ ನನಗೆ ಹೆಚ್ಚಾಗಿ ಒದಗಿಲ್ಲ. ಮೊದಲನೆಯದು ಮಾತ್ರ ದಿನವೂ ಕೇಳುತ್ತದೆ. ಒಂದು ಸಂಜೆ ನೆಂಟರ ಮನೆಯವರು ಕೊಟ್ಟ ಹಲಸಿನಹಣ್ಣನ್ನು ಮುಂದಿನ ಆಸನದಲ್ಲಿಟ್ಟುಕೊಂಡು ಹೊರಟೆ. ಹಣ್ಣಿಗೆ ಪಟ್ಟಿ ಕಟ್ಟುವವರೆಗೂ ಕಾರು ನನ್ನನ್ನು ಬಿಡಲಿಲ್ಲ. ಭಾರವಿದ್ದಲ್ಲಿ ಮನುಷ್ಯನಿದ್ದಾನೆಂದು ಅದು ನಂಬುತ್ತದೆ. ಹಲಸಿನಹಣ್ಣಿಗೆ ಇಷ್ಟು ಮರ್ಯಾದೆ ತೋರಿಸುವ ಯಂತ್ರ, ಹಿಂದಿನ ನಡುವೆ ಕೂತ ಜೀವದ ಬಗ್ಗೆ ಸುಮ್ಮನಿರುತ್ತದೆ. ನಮ್ಮ ಕಾರಿನಲ್ಲಿ ಆ ಜಾಗಕ್ಕೆ ಗಂಟೆಯಿಲ್ಲ. ಕಾನೂನು ಸುಮ್ಮನಿಲ್ಲ, ಹಿಂದೆ ಕೂತವರೂ ಪಟ್ಟಿ ಕಟ್ಟಬೇಕೆನ್ನುತ್ತದೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರಿನ ಬಳಿ ಅಪಘಾತದಲ್ಲಿ ತೀರಿಕೊಂಡಾಗ, ಅವರು ಹಿಂದಿನ ಆಸನದಲ್ಲಿ ಪಟ್ಟಿಯಿಲ್ಲದೆ ಕೂತಿದ್ದರೆಂದು ತಿಳಿದು, ದೇಶವೆಲ್ಲ ಕೆಲವು ವಾರ ಆ ಮಾತಾಡಿತು. ಮೂರು ಕಡೆ ಬಿಗಿಯುವ ಪಟ್ಟಿಯನ್ನು ವೋಲ್ವೊದ ನೀಲ್ಸ್ ಬೋಲಿನ್ ಎಂಬ ಎಂಜಿನಿಯರು 1959ರಲ್ಲೇ ಕೊಟ್ಟ. ನಮ್ಮ ಕಾರಿನ ನಡುವಿಗೂ ಅದಿದೆ. ಅದರ ಕೊಂಡಿ ಪಕ್ಕದವರ ತೊಡೆಯ ಕೆಳಗೆ ಅಡಗಿರುತ್ತದೆ. ನನ್ನ ಹೆಂಡತಿ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ನಾವು ಊರು ದಾಟಿರುತ್ತೇವೆ. ಈಗ ಹುಡುಕಿ ಮುಗಿಯದೆ ಕಾರು ಹೊರಡುವುದಿಲ್ಲ ಎಂದು ನಮ್ಮಲ್ಲಿ ನಿಯಮವಾಗಿದೆ. ಗಂಟೆಯ ಕೆಲಸವನ್ನು ಮಗ ಮಾಡುತ್ತಾನೆ, ಬಹಳ ಸಂತೋಷದಿಂದ.

ಕಾರಿನ ಕೈಪಿಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಪ್ಪ ಪುಸ್ತಕ, ಇಂಗ್ಲಿಷಿನಲ್ಲಿದೆ, ಆಜ್ಞಾರ್ಥಕ ಕ್ರಿಯಾಪದಗಳೇ ಬಹಳ. ಒಂದು ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು: ಹಕ್ಕಿಯ ಹಿಕ್ಕೆ ಬಣ್ಣವನ್ನು ತಿನ್ನುತ್ತದೆ, ಬಿದ್ದ ಕೂಡಲೆ ತೊಳೆಯತಕ್ಕದ್ದು. ಬರೆದ ಪುಣ್ಯಾತ್ಮ ಗುಡವಿಯನ್ನು ನೋಡಿದವನಲ್ಲ.

ನೋಡದ ವಾಚಕರಿಗಾಗಿ ಎರಡು ಮಾತು. ಗುಡವಿಯದು ಕಾಡಿನ ನಡುವಿನ ಕೆರೆ. ನೀರಿನಲ್ಲೇ ನಿಂತ ಮರಗಳು. 1989ರಲ್ಲಿ ಪಕ್ಷಿಧಾಮವಾಯಿತು. ಮಳೆ ಹಿಡಿದ ಮೇಲೆ ಬಿಳಿ ಕೆಂಬರಲುಗಳು ಬಂದು ಆ ಮರಗಳ ತುಂಬ ಗೂಡು ಹಾಕುತ್ತವೆ. ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳೂ ಉಂಟು. ಮರಿಗಳಾದ ಮೇಲೆ ಕೆರೆಯ ಮೇಲಿಂದ ಒಂದು ದೊಡ್ಡ ಗುಜುಗುಜು ಏಳುತ್ತದೆ, ಅದರ ಜೊತೆಗೆ ಒಂದು ಘಾಟು ವಾಸನೆ. ಕಾಣುವ ಮೊದಲೇ ಕೇಳಿಸುತ್ತದೆ, ಕೇಳುವ ಮೊದಲೇ ಮೂಗಿಗೆ ತಿಳಿಯುತ್ತದೆ. ಸೈಕಲ್ಲಿನಲ್ಲಿ ಹೋದರೆ ಹೀಗೆ, ನಡೆದು ಹೋದರೆ ಹೀಗೆ. ಕಾರಿನಲ್ಲಿ ಹೋದರೆ ಒಂದು ಫಲಕ ಬಂದು 'ಗುಡವಿ' ಎನ್ನುತ್ತದೆ, ಅದಕ್ಕೂ ಮೊದಲು ಪರದೆಯ ಹೆಂಗಸು ಅದೇ ಹೆಸರನ್ನು ನಮ್ಮೂರಿನವರಿಗೆ ಗುರುತು ಸಿಗದ ಹಾಗೆ ಉಚ್ಚರಿಸಿರುತ್ತಾಳೆ. ಮಳೆಯಲ್ಲಿ ಗಾಜು ಮುಚ್ಚಲೇಬೇಕು. ಮುಚ್ಚಿದರೆ ಐದು ಜನರ ಉಸಿರಿಗೆ ಮಂಜು ಕಟ್ಟುತ್ತದೆ. ಅದು ಹೋಗಲು ಎ.ಸಿ. ಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ತಂಪು ಮಾಡುವ ಯಂತ್ರ ಏಕೆಂದು ತಾಯಿ ಕೇಳಿದರು. ತಂಪಿಗಲ್ಲ, ಗಾಳಿಯ ತೇವ ಹೀರಿ ಗಾಜು ಒಣಗಿಸಲಿಕ್ಕೆ ಎಂದೆ. "ಹಂಗಾರೆ ನಾವು ಗಾಜಿನ ಅನುಕೂಲಕ್ಕೆ ಕೂತಿದ್ದು" ಎಂದರು.

ಪಂಪ ಬನವಾಸಿ ದೇಶವನ್ನು ನೆನೆದ ಬಗೆಯನ್ನು ಕನ್ನಡಿಗರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. 941ರ ಸುಮಾರಿನ ಆ ಕಾವ್ಯದಲ್ಲಿ ಊರು ನೆನಪಾಗುವುದು ಮೈಗೆ ಗಾಳಿ ತಾಗಿ, ಕಿವಿಗೆ ದನಿ ಬಿದ್ದು. ಆ ಬನವಾಸಿ ನಮಗೆ ಪಕ್ಕದ ಊರು. ಈ ಸೀಮೆಯ ನೆನಪು ಹೊಕ್ಕು ಬರುವ ಆ ಬಾಗಿಲುಗಳನ್ನೇ ಹೊಸ ಕಾರು ಮುಚ್ಚುತ್ತದೆ, ಕಣ್ಣೊಂದನ್ನು ಬಿಟ್ಟು. ನಡುವೆ ಕೂತವರಿಗೆ ಅದೂ ಒಂದು ಗೇಣು. ಕೆರೆಯ ಬಳಿ ಇಳಿದಾಗ ಮಕ್ಕಳು ತಾವು ದಾರಿಯಲ್ಲಿ ಕಂಡ ನವಿಲಿನ ಮಾತಾಡುತ್ತಿದ್ದರೆ ಅವರ ತಾಯಿ "ಯಾವಾಗ?" ಎಂದು ಕೇಳುತ್ತಿದ್ದಳು.

ಇಷ್ಟು ದೂಷಿಸಿದ ಮೇಲೆ, ಹಾಗಾದರೆ ಕಾರೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬಸ್ಸಿನಲ್ಲಿ ಎಲ್ಲ ಆಸನಕ್ಕೂ ಒಂದೇ ದರ, ಕಿಟಕಿಯೂ ದೊಡ್ಡದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದರವೂ ಇಲ್ಲ. ಆದರೆ ನಮ್ಮ ಕಡೆಯ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು; ಅಲ್ಲಿ ಶಕ್ತಿ ನಡೆಯುವುದಿಲ್ಲ. ಖಾಸಗಿಯೂ ಸಂಜೆಯ ನಂತರ ಇಲ್ಲ. ನಾವು ಕಾರು ಕೊಂಡದ್ದು ಗುಡವಿಯ ಹಕ್ಕಿ ನೋಡಲಿಕ್ಕಲ್ಲ. ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ ಸೊರಬಕ್ಕೆ, ಅಲ್ಲಿ ಆಗದಿದ್ದರೆ ಸಾಗರಕ್ಕೆ, ಅಲ್ಲಿಯೂ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ತಂದೆಯವರ ಕಾಲದಲ್ಲಿ ಇದಕ್ಕಾಗಿ ನೆರೆಮನೆಯ ಬಾಗಿಲು ತಟ್ಟುತ್ತಿದ್ದೆವು. ತಟ್ಟಿದರೆ ತೆರೆಯುತ್ತಿತ್ತು ಎಂಬುದನ್ನೂ ಹೇಳಬೇಕು. ಆಗಸ್ಟಿನ ಒಂದು ರಾತ್ರಿ ತಾಯಿಗೆ ಉಸಿರು ಸಿಕ್ಕಿತು. ಮುಂದಿನ ಆಸನವನ್ನು ಪೂರ್ತಿ ಹಿಂದಕ್ಕೆ ಚಾಚಿ ಅವರನ್ನು ಒರಗಿಸಿ, ಹೆಂಡತಿ ಹಿಂದಿನಿಂದ ಅವರ ತಲೆ ಹಿಡಿದು ಕೂತು, ಸಾಗರ ಮುಟ್ಟಿದೆವು. ಬೆಳಿಗ್ಗೆ ಹೊತ್ತಿಗೆ ಅವರು ಕಾಫಿ ಕೇಳಿದರು. ಆ ರಾತ್ರಿ ಆ ದೀಪಗಳು, ಮಳೆಯಲ್ಲೂ ಜಾರದ ಆ ಬ್ರೇಕು, ಒಣಗಿದ ಆ ಗಾಜು, ಇವುಗಳ ಬಗ್ಗೆ ನನಗೆ ಒಂದು ದೂರೂ ಇಲ್ಲ. ಒಂದು ವಿಷಯ ಗಮನಿಸಿದೆ: ತಲೆ ಹಿಡಿಯಲು ಎರಡು ಆಸನಗಳ ಸಂದಿಯಿಂದ ಮಾತ್ರ ಸಾಧ್ಯ. ಅಂದು ಕೆಲಸಕ್ಕೆ ಬಂದ ಜಾಗ ಆ ನಡುವಿನದೇ.

ಹಾಗೆಂದು ಅದನ್ನು ತ್ಯಾಗದ ಪೀಠವೆಂದು ಬಣ್ಣಿಸಲು ನಾನು ಸಿದ್ಧನಿಲ್ಲ. ನಮ್ಮ ಸಾಹಿತ್ಯದಲ್ಲಿ ಅಂಥ ಪೀಠಗಳು ಬೇಕಾದಷ್ಟಿವೆ. ಇಲ್ಲದಿರುವುದು ಬೇರೆ. ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮಲೆನಾಡಿಗೆ ಬಂದ ಬೈಸಿಕಲ್ಲನ್ನು ತಂದಾಗ, ಅದನ್ನು ಕಂಡು ಬೆರಗಾದವರು ಯಾರು, ಹತ್ತಿದವರು ಯಾರು ಎಂದು ಜನರ ಮೂಲಕವೇ ತೋರಿಸಿದರು. ಸೈಕಲ್ಲಿನ ಚಕ್ರದಲ್ಲಿ ಒಂದು ಸಮಾಜ ತಿರುಗಿತು. ಬಸ್ಸು ನಮ್ಮ ಸಣ್ಣಕಥೆಗಳಲ್ಲಿ ಧಾರಾಳವಾಗಿ ಓಡಾಡಿದೆ. ಕಾರಿಗೆ ಮಾತ್ರ ಬಹಳ ಕಾಲ ಸಿಕ್ಕಿದ್ದು ಊರಿನ ಹೊರಗಿಂದ ಬಂದು ಧೂಳೆಬ್ಬಿಸಿ ಹೋಗುವ ಸಿರಿವಂತನ ಪಾತ್ರ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಲಕ್ಷಾಂತರ ಮಧ್ಯಮ ಸಂಸಾರಗಳು ಕಾರಿನೊಳಗೆ ಜಗಳವಾಡಿವೆ, ರಾಜಿಯಾಗಿವೆ, ಆಸ್ಪತ್ರೆಗೆ ಓಡಿವೆ, ಹೆಣ್ಣು ನೋಡಲು ಹೋಗಿವೆ. ಆ ನಾಲ್ಕು ಬಾಗಿಲುಗಳ ಕೋಣೆಯಲ್ಲಿ ಯಾರ ಮುಖ ಯಾರಿಗೆ ಕಾಣುವುದಿಲ್ಲವೋ, ಅಲ್ಲಿ ಆಡುವ ಮಾತಿಗೆ ಬೇರೆಯೇ ಧೈರ್ಯವಿರುತ್ತದೆ. ಗಂಡನ ಬೆನ್ನಿಗೆ ಹೇಳಬಹುದಾದ್ದನ್ನು ಮುಖಕ್ಕೆ ಹೇಳಲಾಗದು. ಇದನ್ನು ನಮ್ಮ ಕತೆಗಾರರು ಏಕೆ ಬಳಸಿಕೊಂಡದ್ದು ಇಷ್ಟು ಕಡಿಮೆ ಎಂಬುದು ನನಗೆ ಆಶ್ಚರ್ಯ.

ಹಾಗೆ ಬೆನ್ನಿಗೆ ಹೇಳಿದ ಒಂದು ಮಾತಿನಿಂದಲೇ ನಮ್ಮಲ್ಲಿ ಪಾತ್ರಹಂಚಿಕೆ ಬದಲಾಗುತ್ತಿದೆ. ಸಾಗರದಿಂದ ವಾಪಸು ಬರುವಾಗ ಹಿಂದಿನಿಂದ ನನ್ನ ಹೆಂಡತಿ, "ಅವತ್ತು ರಾತ್ರಿ ನೀವು ಊರಲ್ಲಿ ಇರದೆ ಇದ್ದಿದ್ರೆ?" ಎಂದಳು. ತಾಯಿ ಮುಂದಿನ ಆಸನದಿಂದ, ತಿರುಗಿ ನೋಡದೆ, "ಕಲ್ತ್ಕ" ಎಂದರು. ಕಲಿಕೆಯ ಪರವಾನಗಿ ಬಂದಿದೆ; ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಮುಂದೆ ಹಿಂದೆ ಕೆಂಪು ಅಕ್ಷರ ಅಂಟಿಸಿಕೊಂಡು ಬೆಳಿಗ್ಗೆ ಆರಕ್ಕೆ, ಹಾಲಿನ ಗಾಡಿ ಬರುವ ಮೊದಲು, ಕೆರೆಯ ಕಡೆಗಿನ ರಸ್ತೆಯಲ್ಲಿ ಹೋಗಿ ಬರುತ್ತೇವೆ. ಪಕ್ಕದಲ್ಲಿ ಕೂರುವವನು ನಾನು. ಅವಳು ಗಾಜು ಇಳಿಸಿಯೇ ಓಡಿಸುವುದು. ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳಬೇಕಂತೆ. ಚಾಲಕನ ಆಸನದ ಬಗ್ಗೆ ಅವಳ ಮೊದಲ ಅನಿಸಿಕೆ: ಆಸನ ಚೆನ್ನಾಗಿದೆ, ಬಲಗಡೆಯ ಕಂಬ ದಪ್ಪ, ತಿರುವಿನಲ್ಲಿ ನಡೆದು ಬರುವವರನ್ನು ಮರೆಮಾಡುತ್ತದೆ. ಮೂರು ತಿಂಗಳಲ್ಲಿ ನಾನು ಓದಿದ, ನೋಡಿದ ಯಾವ ವಿಮರ್ಶೆಯಲ್ಲೂ ಆ ಕಂಬದ ಮಾತು ಬಂದಿರಲಿಲ್ಲ. ಮರುದಿನ ಕೂತು ನೋಡಿದೆ. ಹೌದು, ಒಬ್ಬ ಆಳು ಪೂರ್ತಿ ಮರೆಯಾಗುತ್ತಾನೆ. ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದೆ ಎತ್ತುವುದೊಂದು ಅವಳಿಗೆ ಇನ್ನೂ ಕೈಗೆ ಬರಬೇಕು. ಅವಳು ಪಾಸಾದ ಮೇಲೆ ನಡುವೆ ಯಾರು ಎಂಬ ಚರ್ಚೆ ಮಕ್ಕಳಲ್ಲಿ ಈಗಲೇ ಶುರುವಾಗಿದೆ. ಮಗಳು ನನ್ನ ಹೆಸರನ್ನು ಸೂಚಿಸಿದ್ದಾಳೆ, ಮಗ ಅನುಮೋದಿಸಿದ್ದಾನೆ.